ಗೊತ್ತಿಲ್ಲ ಅಂದ ಕೆಂಪಕ್ಕ

ಚನ್ನಗಿರಿಯಲ್ಲಿ ತಮ್ಮ ಪ್ರವೀಣ್ ಕುಮಾರನ ಮದುವೆ ಮುಗಿಸಿಕೊಂಡು, ಹೊಸ ಸೊಸೆಯನ್ನೂ ಉಳಿದ ಬೂಂದಿ ಲಾಡಿನ ಡಬ್ಬಗಳನ್ನೂ ಒಂದೇ ಟೆಂಪೊದಲ್ಲಿ ತುಂಬಿಕೊಂಡು ಶಿವಲೀಲಾ ಮತ್ತು ಅವಳ ತವರಿನವರು ನ್ಯಾಮತಿ ಹತ್ತಿರದ ತಮ್ಮ ಊರಿಗೆ ಬಂದಿಳಿದರು. ಇಳಿಯುವುದನ್ನೇ ಕಾಯುತ್ತಿದ್ದವನಂತೆ ಎದುರುಮನೆಯ ಉಚ್ಚಂಗೆಪ್ಪ ತನ್ನ ಚಿಲ್ಲರೆ ಅಂಗಡಿಯ ಕಟ್ಟೆಯಿಂದ ಎದ್ದು ಬಂದ. ಮದುಮಗಳ ಕಡೆ ಅವನು ತಿರುಗಿಯೂ ನೋಡಲಿಲ್ಲ. ಸೀದಾ ಶಿವಲೀಲಾಳ ಹತ್ತಿರ ಬಂದು ದನಿ ತಗ್ಗಿಸಿದ.

"ಲೀಲವ್ವ, ಏನೂ ಹೆದರ್ಕಬ್ಯಾಡ. ನಾವು ಎಲ್ಲಾ ನೋಡ್ಕಂಡೀವಿ."

"ಏನ್ ನೋಡ್ಕಂಡ್ರಿ ಕಾಕ?"

"ನಿನ್ನೆ ಪೊಲೀಸಪ್ಪ ಬಂದಿದ್ದ. ನಿನ್ನ ಹೆಸರು ಹಿಡ್ಕಂಡು ಕೇಳ್ದ. ಶಿವಲೀಲಾ, ತಂದೆ ಮುರುಗೇಶಪ್ಪ, ಇದೇ ಮನೇನಾ ಅಂತ. ಪಕ್ಕದ ಜಗಲಿ ಮ್ಯಾಲೆ ನಮ್ಮ ಕೆಂಪಕ್ಕ ಅಕ್ಕಿ ಆರಿಸ್ತಾ ಕುಂತಿದ್ಲು. ತಲೆ ಎತ್ಲಿಲ್ಲ ನೋಡು! 'ಅಂಥೋರು ಯಾರೂ ಗೊತ್ತಿಲ್ಲಪ್ಪ' ಅಂದ್ಬಿಟ್ಲು. ಆಮೇಲೆ ನನ್ನ ಕೇಳ್ದ. ನಾನ್ ಬಿಟ್ಕೊಡ್ತೀನಾ? ನಮ್ಮೂರಾಗೆ ಆ ಹೆಸರಿನೋರು ಹುಟ್ಟೇ ಇಲ್ಲ ಅಂದೆ."

ಶಿವಲೀಲಾ ಎಡ ಸೊಂಟದ ಮೇಲಿದ್ದ ಮಗಳನ್ನು ಬಲ ಸೊಂಟಕ್ಕೆ ಬದಲಾಯಿಸಿದಳು. ಮೊದಲು ಅವಳಿಗೆ ನಗು ಬಂತು. ಆಮೇಲೆ ನಗು ಅಲ್ಲಿಗೇ ನಿಂತಿತು. ಊರಿಗೆ ಬಂದಾಗಿನಿಂದ ಅವಳು ದಾರಿ ಕಾಯುತ್ತಿದ್ದದ್ದು ಆ ಪೊಲೀಸಿನವನದೇ.

ವಿಷಯ ಏನೆಂದರೆ, ಶಿವಲೀಲಾ ಮತ್ತು ಅವಳ ಗಂಡ ಮಹಾಂತೇಶ್ ಕೆನಡಾದಲ್ಲಿದ್ದರು. ಐಟಿಐ ಓದಿದ ಮಹಾಂತೇಶ್ ಅಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ. ಅವಳು ವೃದ್ಧರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಇಬ್ಬರಿಗೂ ಅಲ್ಲಿ ಕಾಯಂ ಆಗಿ ವಾಸ ಮಾಡುವ ಪರವಾನಗಿ ಸಿಕ್ಕಿ ವರ್ಷಗಳಾಗಿದ್ದವು. ಗಂಡ ಹೋದ ವರ್ಷ ಅಲ್ಲಿನ ಪೌರನೇ ಆಗಿಬಿಟ್ಟ. ಮಗಳು ನೀಲಾಂಬಿಕಾ ಅಲ್ಲೇ ಹುಟ್ಟಿದವಳು, ಹುಟ್ಟುತ್ತಲೇ ಆ ದೇಶದವಳು. ಉಳಿದವಳು ಶಿವಲೀಲಾ ಒಬ್ಬಳೇ. ಮೂರು ಜನರ ಮನೆಯಲ್ಲಿ ಅವಳೊಬ್ಬಳ ಪಾಸ್‌ಪೋರ್ಟ್ ಬೇರೆ.

ಅದಕ್ಕೂ ಕಾರಣ ಇತ್ತು. ಹೆರಿಗೆ ಅಲ್ಲಿ ಆದರೂ ಬಾಣಂತನ ತವರಲ್ಲೇ ಆಗಬೇಕೆಂದು ತಾಯಿ ಅನ್ನಪೂರ್ಣಮ್ಮ ಪಟ್ಟು ಹಿಡಿದಿದ್ದರು. ಎಳೇ ಕೂಸನ್ನು ಎತ್ತಿಕೊಂಡು ಬಂದ ಶಿವಲೀಲಾ ಮಗು ಅಂಬೆಗಾಲಿಡುವವರೆಗೆ, ಎಂಟು ತಿಂಗಳು, ಇಲ್ಲೇ ಉಳಿದಳು. ಪೌರತ್ವಕ್ಕೆ ಅಲ್ಲಿ ಇಷ್ಟು ದಿನ ವಾಸವಿರಬೇಕೆಂಬ ಲೆಕ್ಕದಲ್ಲಿ ಆ ಎಂಟು ತಿಂಗಳು ಕಡಿಮೆ ಬಿದ್ದು ಅರ್ಜಿ ಹಾಕುವುದೇ ತಡವಾಯಿತು. ಹಾಕಿದ ಮೇಲೆ ಅಲ್ಲಿನ ಕಚೇರಿ ಕೇಳಿತು: ಅಷ್ಟು ದೀರ್ಘ ಕಾಲ ಹೊರಗಿದ್ದಿರಲ್ಲ, ಅಲ್ಲಿ ನಿಮ್ಮ ಮೇಲೆ ಯಾವ ದೂರೂ ಇಲ್ಲವೆಂದು ಆ ದೇಶದ ಪೊಲೀಸರ ಪತ್ರ ತನ್ನಿ. ಒಂದು ಸಲ ಗಡುವು ಮುಂದೂಡಿಸಿಕೊಂಡಿದ್ದಾಗಿತ್ತು. ಇನ್ನೊಂದು ಸಲ ಆಗುವುದಿಲ್ಲ, ಈ ತಿಂಗಳೊಳಗೆ ಬರದಿದ್ದರೆ ಕಡತ ಮುಚ್ಚುತ್ತೇವೆ ಎಂದು ಬರೆದಿದ್ದರು. ಮುಚ್ಚಿದರೆ ಮತ್ತೆ ಮೊದಲಿನಿಂದ ಸಾಲಿನಲ್ಲಿ ನಿಲ್ಲಬೇಕು. ತಮ್ಮನ ಮದುವೆಯ ನೆಪದಲ್ಲಿ ಬಂದವಳು ಬಂದ ಮರುದಿನವೇ ದಾವಣಗೆರೆಗೆ ಹೋಗಿ ಪೊಲೀಸ್ ಪತ್ರಕ್ಕೆ ಅರ್ಜಿ ಕೊಟ್ಟು ಬಂದಿದ್ದಳು. ಮನೆ ವಿಳಾಸಕ್ಕೆ ಪೊಲೀಸರು ಬಂದು ವಿಚಾರಿಸುತ್ತಾರೆ ಎಂದು ಅಲ್ಲಿ ಹೇಳಿದ್ದರು. ಮರಳಿ ಹೋಗುವ ವಿಮಾನ ಸೋಮವಾರಕ್ಕೆ, ಇನ್ನು ನಾಲ್ಕೇ ದಿನ ಉಳಿದಿತ್ತು.

ನೆರೆಯವರಿಗೆ ಒಂದು ಮಾತು ಮೊದಲೇ ಹೇಳಿದ್ದರೆ ಈ ಪಾಡು ಬರುತ್ತಿರಲಿಲ್ಲ. ಆದರೆ ಅನ್ನಪೂರ್ಣಮ್ಮ ಬಿಟ್ಟಿರಲಿಲ್ಲ. "ಕೆಲಸ ಕೈಗೂಡೋವರ್ಗೂ ಯಾರ ಮುಂದೂ ಬಾಯಿ ಬಿಡಬ್ಯಾಡ. ಒಬ್ಬೊಬ್ರ ಕಣ್ಣು ಒಂದೊಂದು ಥರ ಇರ್ತಾವೆ" ಎಂದಿದ್ದರು. ಈಗ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತ ಅವರೇ, "ಅಲ್ಲ ಉಚ್ಚಂಗೆಪ್ಪ, ನನ್ನ ಮಗಳು ಹುಟ್ಟೇ ಇಲ್ಲ ಅಂದ್ಯಾ?" ಎಂದು ಕೂಗಿದರು.

"ನಿಮ್ಮ ಮಗಳ ಒಳ್ಳೇದಕ್ಕೇ ಅಂದೆ ಕಣಮ್ಮ," ಎಂದ ಉಚ್ಚಂಗೆಪ್ಪ. ಅವನಿಗೆ ನಿಜವಾಗಿ ನೋವಾಗಿತ್ತು.

ಕೆಂಪಕ್ಕನ ಮನೆ ಬಾಗಿಲಿಗೆ ಬೀಗ. ಬೆಳಗಿನ ಬಸ್ಸಿಗೆ ಜಗಳೂರಿನ ಮಗಳ ಮನೆಗೆ ಹೋದಳೆಂದು ಉಚ್ಚಂಗೆಪ್ಪನೇ ಹೇಳಿದ. ಅಲ್ಲಿ ಮೆಕ್ಕೆಜೋಳ ಒಕ್ಕಣೆ ನಡೆದಿತ್ತಂತೆ.

ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಶಾಸ್ತ್ರ ಮುಗಿಯುವವರೆಗೂ ಶಿವಲೀಲಾ ನಗುಮುಖ ಇಟ್ಟುಕೊಂಡು ಓಡಾಡಿದಳು. ಅಕ್ಕಿ ತುಂಬಿದ ಸೇರನ್ನು ಹೊಸ್ತಿಲ ಮೇಲಿಡುವಾಗ ಅವಸರಕ್ಕೆ ಅರ್ಧ ಅಕ್ಕಿ ಚೆಲ್ಲಿತು. ಅದು ಮುಗಿದದ್ದೇ ತಡ, ತಂದೆ ಮುರುಗೇಶಪ್ಪನವರ ಬೈಕಿನ ಹಿಂದೆ ಕುಳಿತು ಠಾಣೆಗೆ ಹೊರಟಳು. ರೇಷ್ಮೆ ಸೀರೆ ಬದಲಾಯಿಸುವಷ್ಟೂ ಪುರುಸೊತ್ತು ಅವಳಿಗಿರಲಿಲ್ಲ.

ವಿಚಾರಣೆಗೆ ಬಂದಿದ್ದವರು ಹೆಡ್ ಕಾನ್‌ಸ್ಟೇಬಲ್ ಮಹೇಶ್ವರಪ್ಪ. ನಿವೃತ್ತಿಗೆ ಹತ್ತಿರವಾದ ಮನುಷ್ಯ. ಮದುವೆ ಸೀರೆಯಲ್ಲಿ ಬಂದವಳನ್ನು ಕಂಡು ಕುರ್ಚಿ ತೋರಿಸಿದರು.

"ತಾಯಿ, ನಾನು ಬರೆದಿದ್ದು ಅವರು ಹೇಳಿದ್ದನ್ನೇ. ನಿಮ್ಮನೆಗೆ ಬೀಗ. ಪಕ್ಕದಾಕೆ ಗೊತ್ತಿಲ್ಲ ಅಂದ್ಲು. ಎದುರುಗಡೆಯೋನು ಹುಟ್ಟೇ ಇಲ್ಲ ಅಂದ. ಅದೂ ಸಾಲ್ದು ಅಂತ ನನ್ ಗಾಡಿ ಹಿಂದೆ ಓಡಿ ಬಂದು, ಸಾಹೇಬ್ರೆ ಅದು ಬೇರೆ ಊರಿರ್ಬೇಕು ನೋಡ್ರಿ ಅಂತ ದಾರಿ ಬೇರೆ ತೋರಿಸ್ದ."

"ನಾನು ಅವಳ ಅಪ್ಪ ರೀ. ನಾನೇ ಹೇಳ್ತೀನಲ್ಲ," ಎಂದರು ಮುರುಗೇಶಪ್ಪ.

"ಅಪ್ಪ ಹೇಳಿದ್ರೆ ನಡೆಯಲ್ಲ ಯಜಮಾನ್ರೆ. ಮನೆಯೋರಲ್ದೋರು ಹೇಳ್ಬೇಕು."

"ಹಂಗಾದ್ರೆ ಬೇರೆ ಇಬ್ರನ್ನ ಕರ್ಕಂಬರ್ತೀವಿ. ಅರ್ಧ ಊರೇ ಬರ್ತೈತೆ."

"ಕರ್ಕಂಬರ್ರಿ. ಆದ್ರೆ ಇಲ್ಲ ಅಂದೋರ ಮಾತು ಕಾಗದದ ಮ್ಯಾಲೆ ಬಂದಾಗೈತೆ. ಇಬ್ರು ಇಲ್ಲ ಅಂದಾರೆ, ಇಬ್ರು ಹೌದು ಅಂದಾರೆ, ಯಾವುದಪ್ಪ ನಿಜ ಅಂತ ನಮ್ ಸಾಹೇಬ್ರು ನನ್ನ ಕೇಳ್ತಾರೆ. ಇಲ್ಲ ಅಂದೋರೇ ಬಂದು ಹೌದು ಅಂದ್ಬಿಟ್ರೆ ನನಗೂ ಸುಲಭ, ನಿಮಗೂ ಸುಲಭ." ಅವರು ದನಿ ಸ್ವಲ್ಪ ಮೆತ್ತಗೆ ಮಾಡಿದರು. "ಸಾಹೇಬ್ರು ಬಂದೋಬಸ್ತಿಗೆ ಹೋಗಿದಾರೆ. ನಾಳೆ ಸಂಜೆ ಬಂದು ಎಲ್ಲಾ ಫೈಲಿಗೂ ಸೈನ್ ಹಾಕ್ತಾರೆ. ಅಲ್ಲೀತನಕ ನಿಮ್ದು ನನ್ ಹತ್ರಾನೇ ಇರ್ತೈತೆ. ಆಮೇಲೆ ನನ್ ಕೈಯಾಗಿಲ್ಲ."

ಊರಿಗೆ ಬಂದು ಉಚ್ಚಂಗೆಪ್ಪನಿಗೆ ಹೇಳಿದರೆ ಅವನು ಎದೆ ಮುಟ್ಟಿಕೊಂಡ. "ನಾನ್ ಈಗ್ಲೇ ರೆಡಿ ಕಣವ್ವ. ಆದ್ರೆ ಅಕ್ಕ ಮೊದ್ಲು ಅನ್ನಲಿ. ಆಕೆ ಇಲ್ಲ ಅಂದಿದ್ನ ನಾನು ಹೌದು ಅಂದ್ರೆ, ಪೊಲೀಸ್ರ ಮುಂದೆ ಆಕೇನ ಸುಳ್ಳಿ ಮಾಡ್ದಂಗಾಗಲ್ವಾ? ನಾಳೆ ನಾನು ಆಕಿ ಮುಖ ಹೆಂಗ್ ನೋಡ್ಲಿ?"

ಶಿವಲೀಲಾ ಕೆಂಪಕ್ಕನ ಮಗಳು ಅನಿತಾಳಿಗೆ ಫೋನ್ ಮಾಡಿದಳು. ಹಿಂದಿನಿಂದ ಕೆಂಪಕ್ಕನ ದನಿ ಚೆನ್ನಾಗಿ ಕೇಳಿಸುತ್ತಿತ್ತು. "ಫೋನ್‌ನಾಗೆ ಹೆಸರು ಹಿಡಿಬ್ಯಾಡ ಅನ್ನು ಆ ಹುಡ್ಗೀಗೆ! ಕೇಳಿಸ್ಕಂತಾರೆ ಅವರು! ಕತ್ತರಿಸು, ಕತ್ತರಿಸು!" ಅನಿತಾ ನಗುತ್ತಲೇ ಫೋನ್ ಇಟ್ಟಳು.

ಮರುದಿನ ಮನೆಯಲ್ಲಿ ಬೀಗರ ಊಟ. ಹೋಳಿಗೆ ಹೂರಣ ಒಲೆ ಮೇಲಿತ್ತು, ಚನ್ನಗಿರಿಯಿಂದ ಎರಡು ಬಸ್ಸು ಜನ ಬರುವವರಿದ್ದರು. ಅಂಥ ದಿನ ಮನೆಮಗಳು ಮಗುವನ್ನು ಕಟ್ಟಿಕೊಂಡು ಜಗಳೂರಿಗೆ ಹೊರಟಳೆಂದರೆ ಅನ್ನಪೂರ್ಣಮ್ಮನಿಗೆ ಸಿಟ್ಟೂ ಬಂತು, ಅಳುವೂ ಬಂತು. "ಬೀಗರು ಕೇಳಿದ್ರೆ ಏನಂತ ಹೇಳ್ಲಿ?" ಎಂದರು. "ಹುಟ್ಟೇ ಇಲ್ಲ ಅಂತ ಹೇಳವ್ವ" ಎಂದು ಬಾಯಿಗೆ ಬಂದದ್ದನ್ನು ಶಿವಲೀಲಾ ನುಂಗಿಕೊಂಡಳು. ತಾಯಿ ಮಾತಾಡದೆ ಒಂದು ಡಬ್ಬಿಗೆ ಮೊಸರನ್ನ, ಇನ್ನೊಂದಕ್ಕೆ ನಾಲ್ಕು ಹೋಳಿಗೆ ಹಾಕಿ ಚೀಲಕ್ಕೆ ತುರುಕಿದರು.

ಹೊನ್ನಾಳಿಯಲ್ಲಿ ಬಸ್ಸು ಬದಲಾಯಿಸಬೇಕಿತ್ತು. ಹರಿಹರದ ಬಸ್ಸು ಕಣ್ಣೆದುರೇ ಹೋಯಿತು. ಮುಂದಿನದಕ್ಕೆ ಕಾಯುವಾಗ ಮಗಳು ನೀಲು ಬಸ್ ಸ್ಟ್ಯಾಂಡಿನ ಕಂಬ ಸುತ್ತಿದಳು, ಚಪ್ಪಲಿ ಕಳಚಿ ಎಸೆದಳು, ನೀರು ಕೇಳಿದಳು, ಕುಡಿಯದೆ ಚೆಲ್ಲಿದಳು. ಶಿವಲೀಲಾಳ ಕೈಯಲ್ಲಿ ಫೋನ್ ಪದೇ ಪದೇ ಬೆಳಗಿ ಆರುತ್ತಿತ್ತು. ಗಂಡನ ಸಂದೇಶ ಬಂದಿತ್ತು: "ಏನಾಯ್ತು?" ಏನೆಂದು ಬರೆಯುವುದು? ಅಕ್ಕಿ ಆರಿಸುತ್ತಿದ್ದ ಕೆಂಪಕ್ಕ ನನ್ನನ್ನು ಗೊತ್ತಿಲ್ಲ ಅಂದುಬಿಟ್ಟಳು ಎಂದೇ? ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಂಟು ತಿಂಗಳೂ ಎಣ್ಣೆ ಹಚ್ಚಿ ನೀರೆರೆದವಳು ಅವಳೇ ಎಂದು ಅವನಿಗೂ ಗೊತ್ತಿತ್ತು. ಬಾಣಂತಿಯ ತಲೆಗೆ ಸಾಂಬ್ರಾಣಿ ಹೊಗೆ ಹಾಕಿ, ಹೊಟ್ಟೆಗೆ ಸೀರೆ ಬಿಗಿದು ಕಟ್ಟಿ, ಕೂತರೆ ಬೈದು, ನಿಂತರೆ ಬೈದು, ತಣ್ಣೀರು ಮುಟ್ಟಿದರೆ ಊರಿಗೆ ಕೇಳುವಂತೆ ಬೈದವಳು. ಊರಲ್ಲಿ ತನ್ನನ್ನು ಯಾರಾದರೂ ಬಲ್ಲರೆಂದರೆ ಮೊದಲು ಅವಳೇ. ಶಿವಲೀಲಾ "ಆಗುತ್ತೆ" ಎಂದಷ್ಟೇ ಬರೆದಳು.

ದಾವಣಗೆರೆ ದಾಟಿದ ಮೇಲೆ ಹಸಿರು ತೆಳ್ಳಗಾಯಿತು. ಜಗಳೂರಿನ ದಾರಿಯಲ್ಲಿ ಡಾಂಬರು ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ಬಸ್ಸು ಉಳಿದರ್ಧದಲ್ಲಿ ಹೋಗುತ್ತಿತ್ತು. ನೀಲು ಕಿಟಕಿಗೆ ಮೂಗು ಒತ್ತಿ ಕುರಿಗಳನ್ನು ನೋಡಿ ತನ್ನ ಇಂಗ್ಲಿಷಿನಲ್ಲಿ ಏನೋ ಕೂಗಿದಳು. ಪಕ್ಕದ ಸೀಟಿನ ಹೆಂಗಸು ಅಚ್ಚರಿಯಿಂದ, "ಈ ಕೂಸು ಯಾವೂರ್ದವ್ವ?" ಎಂದು ಕೇಳಿದಳು. ಶಿವಲೀಲಾ "ನ್ಯಾಮತಿ ಕಡೇದು" ಎಂದಳು. ಹಾಗೆ ಹೇಳಿದ್ದು ಸುಳ್ಳೋ ನಿಜವೋ ಎಂದು ಆಮೇಲೆ ಬಹಳ ಹೊತ್ತು ಅವಳಿಗೆ ಹೊಳೆಯಲಿಲ್ಲ.

ಅನಿತಾಳ ಮನೆ ಊರಾಚೆ, ಕುರಿ ಹಟ್ಟಿಯ ಪಕ್ಕದಲ್ಲಿತ್ತು. ಕೆಂಪಕ್ಕ ಕಣದಲ್ಲಿ ಕಾಲು ಚಾಚಿ ಕುಳಿತು ಯಂತ್ರಕ್ಕೆ ಸಿಗದೆ ಉಳಿದ ತೆನೆಗಳನ್ನು ಕೈಯಲ್ಲಿ ಬಿಡಿಸುತ್ತಿದ್ದಳು. ಶಿವಲೀಲಾಳನ್ನು ಕಂಡದ್ದೇ ಎದ್ದು ಬಂದು, ಮೊದಲು ಅವಳ ಬೆನ್ನ ಹಿಂದೆ ದಾರಿಯನ್ನು ಇಣುಕಿ ನೋಡಿದಳು.

"ಬೆನ್ನತ್ತಿ ಬಂದಿಲ್ಲ ತಾನೇ ಯಾರೂ?"

"ಯಾರೂ ಇಲ್ಲ ಕೆಂಪಕ್ಕ."

"ಈ ಕಡೆ ಬಾ. ಏನ್ ಮಾಡ್ಕಂಡು ಬಂದ್ಯವ್ವ ಆ ದೇಶದಾಗೆ? ನಾನ್ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ಅನಿತಾಗೂ ಪೂರ್ತಿ ಹೇಳಿಲ್ಲ."

"ಏನೂ ಮಾಡಿಲ್ಲ ಕಣಕ್ಕ. ಅವರನ್ನ ಬರ್ರಿ ಅಂತ ಕರೆದೋಳೇ ನಾನು."

ಕೆಂಪಕ್ಕನಿಗೆ ಅರ್ಥವಾಗಲಿಲ್ಲ. ಪೊಲೀಸರನ್ನು ಯಾರಾದರೂ ಮನೆಗೆ ಕರೆಯುತ್ತಾರೆಯೇ? ಶಿವಲೀಲಾ ಮೊದಲಿನಿಂದ ಬಿಡಿಸಿ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ಏರಿತು. ರಾತ್ರಿಯಿಂದ ಅದುಮಿಟ್ಟದ್ದೆಲ್ಲ ಹೊರಗೆ ಬಂತು. "ಎಂಟು ತಿಂಗಳು ನನ್ನ ಮಗಳಿಗೆ ಎರೆದೋಳು ನೀನು. ನನ್ನ ಗೊತ್ತಿಲ್ಲ ಅನ್ನಾಕೆ ನಿನಗೆ ಬಾಯಿ ಹೆಂಗ್ ಬಂತು?"

"ಬಾಯಿ ಸಲೀಸಾಗೇ ಬಂತು," ಎಂದಳು ಕೆಂಪಕ್ಕ. ಅವಳಿಗೂ ಸಿಟ್ಟು ಬಂದಿತ್ತು. "ನಮ್ಮನೆಯೋರ್ನ ಪೊಲೀಸ್ರು ಕೇಳ್ಕಂಡು ಬಂದಾಗ ನೀನಿನ್ನೂ ಹುಟ್ಟಿರ್ಲಿಲ್ಲ. ಇದೇ ಮನೇನಾ ಅಂದ್ರು. ಹೌದ್ರಪ್ಪ, ಕುಂದ್ರಿ ಅಂದೆ. ಮಜ್ಜಿಗೆ ಕೊಟ್ಟೆ, ಕುಡಿದ್ರು. ಹೊಲದಾಗಿದ್ದೋರ್ನ ನಾನೇ ಕೂಗಿ ಕರೆದೆ. ಕರ್ಕಂಡು ಹೋದ್ರು. ಹೊಡೆದಾಡಿದ್ದೋನು ಬೇರೆ ಯಾವನೋ, ಹೆಸರು ಒಂದೇ ಇತ್ತು, ಅಷ್ಟೆ. ಆಮೇಲೆ ಬಿಟ್ರು ಅನ್ನು. ಬಂದ್ ಮ್ಯಾಲೆ ನಮ್ಮನೆಯೋರು ನನ್ನ ಒಂದು ಮಾತೂ ಅನ್ನಲಿಲ್ಲ. ಅಂದಿದ್ರೆ ಚೆನ್ನಾಗಿತ್ತು." ಅವಳು ಕೈಯಲ್ಲಿದ್ದ ತೆನೆಯನ್ನು ರಾಶಿಗೆ ಎಸೆದಳು. "ಅವತ್ತಿಂದ ಖಾಕಿ ಬಟ್ಟೆಯೋರು ಕೇಳಿದ್ರೆ ನನಗೆ ಯಾರೂ ಗೊತ್ತಿಲ್ಲ. ನನ್ನ ಹೆಸರೂ ಗೊತ್ತಿಲ್ಲ."

ಕೆಂಪಕ್ಕನ ಗಂಡ ಬೀದಿಗೆ ಬಾರದೆ ಹಿತ್ತಲಲ್ಲೇ ಕೂತಿರುತ್ತಿದ್ದ ಮುದುಕನೆಂದು ಶಿವಲೀಲಾಳಿಗೆ ನೆನಪಿತ್ತು. ಏಕೆಂದು ಮಕ್ಕಳಿಗೆ ಯಾರೂ ಹೇಳಿರಲಿಲ್ಲ.

ನೀಲು ಅಷ್ಟರಲ್ಲಿ ಮೆಕ್ಕೆಜೋಳದ ರಾಶಿ ಹತ್ತಿ ಜಾರಿ, ಮತ್ತೆ ಹತ್ತಿ ಜಾರಿ ಕೇಕೆ ಹಾಕುತ್ತಿದ್ದಳು. ಕೆಂಪಕ್ಕ ಅವಳನ್ನೇ ನೋಡುತ್ತ ಕೇಳಿದಳು, "ಆ ಕಾಗದ ಯಾತಕ್ಕವ್ವ ನಿನಗೆ?"

"ಅಲ್ಲಿಯೋಳು ಅನ್ನಿಸ್ಕಳ್ಳಾಕೆ."

"ಅಲ್ಲಿಯೋಳು ಆಗಾಕೆ ನೀನು ಇಲ್ಲಿಯೋಳು ಅಂತ ನಾ ಹೇಳ್ಬೇಕಾ?"

"ಹೂಂ."

"ಆದ್ ಮ್ಯಾಲೆ?"

"ಆದ್ ಮ್ಯಾಲೆ ಈ ದೇಶದ ಪಾಸ್‌ಪೋರ್ಟ್ ವಾಪಸ್ ಕೊಡ್ಬೇಕು."

"ಅಂದ್ರೆ ಇಲ್ಲಿಯೋಳು ಅಲ್ಲ ಅಂತ ನೀನೇ ಬರ್ಕೊಟ್ಟಂಗೆ."

ಶಿವಲೀಲಾ ಬಗ್ಗಿ ನೆಲಕ್ಕೆ ಬಿದ್ದಿದ್ದ ಕಾಳುಗಳನ್ನು ಎತ್ತಿ ರಾಶಿಗೆ ಹಾಕಿದಳು.

"ಮತ್ತೆ ನಾನ್ ಹೇಳಿದ್ರಾಗೆ ಸುಳ್ಳೇನೈತೆ?" ಎಂದಳು ಕೆಂಪಕ್ಕ. "ನೀನು ಆಮ್ಯಾಲೆ ಹೇಳೋದ್ನ ನಾನು ಒಂದೀಟು ಮುಂಚೆ ಹೇಳಿದೆ."

ಒಳಗಿನಿಂದ ಅನಿತಾ, "ಅವ್ವ, ಸುಮ್ನಿರು" ಎಂದಳು. ಶಿವಲೀಲಾ ತಿರುಗಿ ಹಟ್ಟಿಯ ಬೇಲಿಯವರೆಗೆ ಹೋದಳು, ಮತ್ತೆ ಬಂದಳು, ಮತ್ತೆ ಹೋದಳು. ಗಂಟೆ ಒಂದಾಗುತ್ತ ಬಂದಿತ್ತು. ಜಗಳ ಆಡಿ ಗೆಲ್ಲಬಹುದಾದ ಮಾತು ಅದಾಗಿರಲಿಲ್ಲ. ಈ ಮಾತನ್ನು ಬೇರೆ ಯಾರೂ ಅವಳೆದುರು ಆಡಿರಲಿಲ್ಲ. ಗಂಡನಿಗೆ ಅದೊಂದು ಮುಗಿಯಬೇಕಾದ ಕೆಲಸ, ತಾಯಿಗೆ ದೃಷ್ಟಿ ತಾಗಬಾರದ ಭಾಗ್ಯ. ಸ್ವತಃ ತನಗೆ ಏನೆಂದು ಅವಳೂ ಯಾರಿಗೂ ಹೇಳಿರಲಿಲ್ಲ.

ಬಂದು ಕೆಂಪಕ್ಕನೆದುರು ಕಣದ ನೆಲದ ಮೇಲೆಯೇ ಕುಳಿತಳು.

"ಹೋದ ಸಲ ಮೂರೂ ಜನ ವಿಮಾನ ಇಳಿದ್ವಿ. ಅಲ್ಲಿ ಎರಡು ಸಾಲು ಮಾಡಿದ್ರು. ಆ ದೇಶದೋರದು ಒಂದು, ಉಳಿದೋರದು ಒಂದು. ಇವಳು ನಿದ್ದೆ ಕಣ್ಣಾಗಿದ್ಲು, ನನ್ ಮಗಳು. ಅಪ್ಪನ ಹೆಗಲ ಮೇಲೆ ಆ ಕಡೆ ಹೋದ್ಲು. ಅವರ ಸಾಲು ಬೇಗ ಮುಗೀತು. ನಂದು ಮುಂದಕ್ಕೇ ಹೋಗ್ಲಿಲ್ಲ. ನಡುವೆ ಒಂದು ಗಾಜಿನ ಗೋಡೆ. ಎಚ್ಚರ ಆಗಿ ನೋಡಿದ್ಲು, ಅವ್ವ ಇಲ್ಲ. ಗಾಜಿಗೆ ಬಡಿದು ಬಡಿದು ಅತ್ಲು. ದನಿ ಕೇಳಿಸ್ತಿರ್ಲಿಲ್ಲ ಕಣಕ್ಕ, ಬಾಯಿ ಮಾತ್ರ ಕಾಣಿಸ್ತಿತ್ತು. ಅಲ್ಲಿದ್ದ ಅಧಿಕಾರಿ ಕೆಟ್ಟೋನೇನಲ್ಲ. ಸಾಲು ಬಿಟ್ಟು ಬರಬ್ಯಾಡ್ರಿ ಅಂದ, ಅಷ್ಟೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನನಗೆ ಆ ದೇಶಾನೂ ಬ್ಯಾಡ, ಈ ದೇಶ ಬಿಡಾಕೂ ಮನಸಿಲ್ಲ. ನನ್ನ ಕೂಸು ನಿಂತಿರೋ ಸಾಲಿನಾಗೆ ನಾನು ನಿಲ್ಲಬೇಕು. ಬೇರೇನೂ ಇಲ್ಲ."

ಕೆಂಪಕ್ಕ ಎದ್ದು ರಾಶಿಯ ಮೇಲಿಂದ ನೀಲುವನ್ನು ಎತ್ತಿಕೊಂಡು, ಅವಳ ತಲೆ ಮೇಲೆ ಕೈಯಾಡಿಸಿ ಮೂಸಿ ನೋಡಿದಳು.

"ಎಷ್ಟು ದಿನ ಆಯ್ತು ಈ ತಲೆ ಎಣ್ಣೆ ಕಾಣದೆ? ಬಣಗುಡ್ತೈತೆ." ಮಗುವನ್ನು ಕಂಕುಳಲ್ಲೇ ಇಟ್ಟುಕೊಂಡು ಒಳಗೆ ಹೋದಳು. ಬಾಗಿಲ ಮರೆಯಲ್ಲಿ ಎಣ್ಣೆ ಬಾಟಲಿಯ ಸದ್ದು, ಮಗುವಿನ ಕೊಸರಾಟ, ಅನಿತಾಳ ನಗು. ಹೊರಗೆ ಬಂದಾಗ ನೀಲುವಿನ ಹಣೆಯ ಮೇಲೆ ಎಣ್ಣೆ ಇಳಿಯುತ್ತಿತ್ತು. ಕೆಂಪಕ್ಕ ಸೀರೆ ಬದಲಾಯಿಸಿದ್ದಳು.

"ಒಂದು ಮಾತು," ಎಂದಳು. "ಅಲ್ಲಿ ನಾನು ಕುಂದ್ರಲ್ಲ. ನಿಂತ್ಕಂಡೇ ಹೇಳ್ತೀನಿ. ನೀನು ನನ್ನ ಕೈ ಬಿಡಬ್ಯಾಡ."

ದಾವಣಗೆರೆಗೆ ಬರುವುದರೊಳಗೆ ಬಸ್ಸಿನ ಟೈರು ಕೂತಿತು. ಡ್ರೈವರ್ ಕಂಡಕ್ಟರ್ ಸೇರಿ ಚಕ್ರ ಬದಲಾಯಿಸುವಾಗ ಶಿವಲೀಲಾ ರಸ್ತೆಯ ಬದಿಯಲ್ಲಿ ನಿಂತು ನಿಂತಲ್ಲೇ ಕಾಲು ಬದಲಾಯಿಸುತ್ತಿದ್ದಳು. "ನಿನ್ ಕುಣಿತಕ್ಕೆ ಚಕ್ರ ಬೇಗ ಕೂಡಲ್ಲ, ಬಾ ಇಲ್ಲಿ" ಎಂದು ಕೆಂಪಕ್ಕ ಜಾಲಿ ನೆರಳಲ್ಲಿ ಕುಳಿತು ಮಗುವಿಗೆ ಮೊಸರನ್ನ ತಿನ್ನಿಸಿದಳು. ಹರಿಹರದಲ್ಲಿ ಫೋನ್ ಬಂತು. ಮಹೇಶ್ವರಪ್ಪ.

"ಎಲ್ಲಿದೀರಿ ತಾಯಿ? ಸಾಹೇಬ್ರು ಬಂದ್ರು. ಟೀ ಕುಡೀತಿದಾರೆ."

"ಬರ್ತಿದೀವಿ ಸರ್, ಬರ್ತಾನೇ ಇದೀವಿ."

"ಇನ್ನೊಂದು ಟೀ ಕುಡಿಸ್ತೀನಿ. ಅದಕ್ಕಿಂತ ಹೆಚ್ಚಿಗೆ ಆಗ್ದು."

ಹೊನ್ನಾಳಿಯಲ್ಲಿ ಪ್ರವೀಣ ಕಾರು ತಂದು ನಿಂತಿದ್ದ. ಬೀಗರ ಊಟದ ಪಂಚೆಯಲ್ಲೇ ಇದ್ದ, ಹೆಗಲ ಮೇಲೆ ಯಾರೋ ಚೆಲ್ಲಿದ ಸಾರಿನ ಕಲೆ. ಹಿಂದಿನ ಸೀಟಿನಲ್ಲಿ ಉಚ್ಚಂಗೆಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಸಿದ್ಧನಾಗಿ ಕುಳಿತಿದ್ದ. ಕೆಂಪಕ್ಕನನ್ನು ಕಂಡು, "ಅಕ್ಕ, ಈಗ ಏನ್ ಅನ್ಬೇಕು ನಾವು? ಒಂದೇ ಥರ ಅನ್ನನ" ಎಂದ.

"ನೀನು ಬಾಯಿ ಮುಚ್ಕಂಡಿದ್ರೆ ಸಾಕು. ಓಡಿ ಹೋಗಿ ದಾರಿ ತೋರ್ಸು ಅಂತ ಯಾರು ಹೇಳಿದ್ರು ನಿನಗೆ?"

ಠಾಣೆಯ ಮುಂದೆ ಕಾರಿಳಿದಾಗ ಹೊತ್ತು ಮುಳುಗುತ್ತಿತ್ತು. ನೀಲು ಪ್ರವೀಣನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಮೆಟ್ಟಿಲ ಬಳಿ ಕೆಂಪಕ್ಕ ನಿಂತಳು. ಶಿವಲೀಲಾ ಅವಳ ಕೈ ಹಿಡಿದಿದ್ದಳು. ಅವಸರಿಸಬೇಕೆಂದು ಅವಳ ಮೈಯೆಲ್ಲ ಹೇಳುತ್ತಿದ್ದರೂ ಎಳೆಯಲಿಲ್ಲ. ಕೆಂಪಕ್ಕ ಸೆರಗು ಹೊದ್ದುಕೊಂಡು ತಾನಾಗಿ ಒಂದು ಮೆಟ್ಟಿಲು ಹತ್ತಿದಳು, ಆಮೇಲೆ ಇನ್ನೊಂದು.

ಮಹೇಶ್ವರಪ್ಪ ಕುರ್ಚಿ ಸರಿಸಿದರು. ಕೆಂಪಕ್ಕ ಕೂರಲಿಲ್ಲ.

"ಈಕೆ ಯಾರು?"

"ಮುರುಗೇಶಣ್ಣನ ಮಗಳು. ಶಿವಲೀಲಾ."

"ಮತ್ತೆ ಅವತ್ತು ಗೊತ್ತಿಲ್ಲ ಅಂದ್ರಿ?"

"ಅವತ್ತು ನಿಮ್ಮನ್ನ ನೋಡ್ಕಂಡು ಹೇಳಿದೆ. ಇವತ್ತು ಆಕೀನ ನೋಡ್ಕಂಡು ಹೇಳ್ತಿದೀನಿ."

ಮಹೇಶ್ವರಪ್ಪ ಪೆನ್ನು ಎತ್ತಿ ಅವಳ ಮುಖ ನೋಡಿದರು, ಮತ್ತೆ ಬರೆಯತೊಡಗಿದರು. "ಎಷ್ಟು ವರ್ಷದಿಂದ ಗೊತ್ತು?"

"ಹುಟ್ಟಿದಾಗಿಂದ. ಹೊಕ್ಕಳು ಬಿದ್ದಿದ್ದು ನಾನೇ ನೋಡಿದ್ದು."

"ನಡತೆ ಹೆಂಗೆ?"

"ಹಠಮಾರಿ."

"ಅದನ್ನ ಬರೆಯಾಕಾಗಲ್ಲ. ಒಳ್ಳೇದು ಅಂತ ಬರ್ಕಂತೀನಿ. ಏನಾದ್ರೂ ಕೇಸು, ಗಲಾಟೆ?"

"ನಮ್ಮ ಹಿತ್ಲಿನ ಸೀಬೆಗಿಡ ಬೋಳಿಸಿದ್ಲು, ಒಂದು ಕಾಯಿ ಬಿಡ್ದಂಗೆ. ಬರ್ಕಳ್ರಿ ಬೇಕಾದ್ರೆ."

ಮೇಜಿನ ಆಚೆ ಯಾರೋ ಪೇದೆ ನಕ್ಕ. ಶಿವಲೀಲಾಳಿಗೂ ನಗು ಬಂತು, ಆದರೆ ಅವಳ ಬೆರಳುಗಳು ಕೆಂಪಕ್ಕನ ಹಿಡಿತದಲ್ಲಿ ನೋಯುತ್ತಿದ್ದವು.

"ಈಗ ಈಕೆ ವಾಸ ಎಲ್ಲಿ?"

ಕೆಂಪಕ್ಕ ಬಾಯಿ ತೆರೆದಳು. ಇಲ್ಲಿಯವರೆಗೆ ಪಟಪಟನೆ ಉತ್ತರ ಕೊಟ್ಟವಳು ಈ ಪ್ರಶ್ನೆಗೆ ನಿಂತುಬಿಟ್ಟಳು. ಅವಳು ತಿರುಗಿ ಶಿವಲೀಲಾಳ ಮುಖ ನೋಡಿದಳು. ನಾನು ಹೇಳಬೇಕಾದದ್ದನ್ನು ಹೇಳಿಯಾಯಿತು, ಇದು ನಿನ್ನದು ಎನ್ನುವ ಹಾಗಿತ್ತು ಆ ನೋಟ.

ಶಿವಲೀಲಾ ಈ ಪ್ರಶ್ನೆಗೆ ಎಷ್ಟೋ ಕಡೆ, ಎಷ್ಟೋ ಅರ್ಜಿಗಳಲ್ಲಿ ಉತ್ತರ ಬರೆದಿದ್ದಳು. ಯಾವತ್ತೂ ಇಷ್ಟು ಹೊತ್ತು ಹಿಡಿದಿರಲಿಲ್ಲ.

"ಕೆನಡಾ," ಎಂದಳು.

"ಕಾಯಂ?"

"ಹೌದು ಸರ್. ಕಾಯಂ."

ಕೆಂಪಕ್ಕನ ಕೈ ಸಡಿಲವಾಗಲಿಲ್ಲ. ಮಹೇಶ್ವರಪ್ಪ ಹಳೆಯ ಹೇಳಿಕೆಯ ಕೆಳಗೆ ಹೊಸದನ್ನು ಬರೆದು ಓದಿ ಹೇಳಿದರು. ಕೆಂಪಕ್ಕ ಪೂರ್ತಿ ಕೇಳಿಸಿಕೊಂಡು, "ಇಷ್ಟೇನಾ? ಆಕೀನ ಎಲ್ಲಿಗೂ ಕರ್ಕಂಡು ಹೋಗಲ್ಲ ತಾನೇ ನೀವು?" ಎಂದು ಕೇಳಿದಳು.

"ನಾವು ಕರ್ಕಂಡು ಹೋಗಲ್ಲಮ್ಮ. ಆಕೀನೇ ಹೋಗ್ತಾಳೆ."

"ಅದು ಗೊತ್ತು," ಎಂದು ಕೆಂಪಕ್ಕ ಹೆಬ್ಬೆರಳು ಚಾಚಿದಳು.

ಉಚ್ಚಂಗೆಪ್ಪನ ಸರದಿ ಬಂದಾಗ ಅವನು, "ಅಕ್ಕ ಏನ್ ಹೇಳಿದ್ಲೋ ನಂದೂ ಅದೇ ಬರ್ಕಳ್ರಿ, ಸೀಬೆಗಿಡ ಒಂದು ಬಿಟ್ಟು" ಎಂದು ಉದ್ದನೆಯ ಸಹಿ ಮಾಡಿದ. ಸಾಹೇಬರ ಕೋಣೆಗೆ ಹೋದ ಫೈಲು ಸ್ವಲ್ಪ ಹೊತ್ತಿಗೆ ಮರಳಿತು. ಮಹೇಶ್ವರಪ್ಪ ಅದನ್ನು ತೆರೆದು, ಸಹಿಯ ಮೇಲೆ ಬೆರಳಿಟ್ಟು ಶಿವಲೀಲಾಳಿಗೆ ತೋರಿಸಿದರು. ಇಷ್ಟು ದಿನ ಇದಕ್ಕೇ ಹಾತೊರೆದವಳಿಗೆ ಕುಣಿಯುವಷ್ಟು ಹಗುರವಾಗಬೇಕಿತ್ತು. ಹಗುರವೂ ಆಯಿತು. ಅದರ ಜೊತೆಗೇ, ಬಹಳ ಹೊತ್ತು ಎತ್ತಿಕೊಂಡಿದ್ದ ಕೂಸನ್ನು ಕೆಳಗಿಳಿಸಿದಾಗ ಆಗುವಂಥ ಖಾಲಿಯೂ ಆಯಿತು. ಗಂಡನಿಗೆ "ಆಯ್ತು" ಎಂದು ಬರೆದಳು. ಕೆಂಪಕ್ಕ ಇನ್ನೂ ಹಿಡಿದಿದ್ದರಿಂದ ಒಂದೇ ಕೈಯಲ್ಲಿ ಬರೆದಳು.

ಹೊರಗೆ ಬರುವಾಗ ಕೆಂಪಕ್ಕ ಬಾಗಿಲ ಪಕ್ಕದಲ್ಲಿ ನಿಂತು, ಶಾಯಿ ಹತ್ತಿದ ಹೆಬ್ಬೆರಳನ್ನು ಠಾಣೆಯ ಗೋಡೆಗೆ ಒತ್ತಿ ಮೇಲಿಂದ ಕೆಳಗೆ ಉದ್ದಕ್ಕೆ ಒರೆಸಿದಳು. ಹೊಸದಾಗಿ ಸುಣ್ಣ ಬಳಿದ ಗೋಡೆ, ನೀಲಿ ಗೆರೆ ಎದ್ದು ಕಂಡಿತು. ಮಹೇಶ್ವರಪ್ಪ ಅದನ್ನು ನೋಡಿದರು. ಆಮೇಲೆ ಮುಂದಿನ ಫೈಲಿನ ದಾರ ಬಿಚ್ಚಿದರು.

"ನಡೀರಿ," ಎಂದಳು ಕೆಂಪಕ್ಕ, ಮೆಟ್ಟಿಲಿಳಿಯುತ್ತ. "ನಾಳೆ ಬಿಸಿನೀರು ಕಾಸಿಡಾಕೆ ಹೇಳು ನಿಮ್ಮವ್ವಂಗೆ. ಹೋಗೋ ಮುಂಚೆ ಈ ಕೂಸಿಗೆ ಒಂದ್ಸಲ ನೆಟ್ಟಗೆ ಎರೀಬೇಕು."